ಪ್ಲೇನರ್ ಕೊಳ್ಳುವವರೇ, ಅಂಗಡಿಯವರ ಕಟ್ಟಿಗೆ ತುಂಡು ನೋಡಿ ಮರುಳಾಗಬೇಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಯಾರಾದರೂ ಮನೆಯ ಮರಗೆಲಸಕ್ಕೆ ಥಿಕ್‌ನೆಸ್ ಪ್ಲೇನರ್, ಅಂದರೆ ಹಲಗೆಯನ್ನು ಹೆರೆದು ಒಂದೇ ದಪ್ಪಕ್ಕೆ ತರೋ ಮಷೀನು, ಕೊಳ್ಳಲು ಹೊರಟಿದ್ದರೆ ಒಂದು ದಿನ ತಡೆಯಿರಿ. ಇದನ್ನು ಓದಿ, ಆಮೇಲೆ ದುಡ್ಡು ತೆಗೆಯಿರಿ. ನಾನು 38,500 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ಮೂವತ್ತೆಂಟೂವರೆ ಸಾವಿರ! ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. "ಸಣ್ಣ ರಿಪೇರಿ ಇತ್ತು" ಅಂದಿದ್ದೇನೆ, ಅಷ್ಟೇ.

ನಾನು ಬಡಿಗನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಮಣೆ, ಸ್ಟೂಲು, ಪುಸ್ತಕದ ಕಪಾಟು, ಇಂಥದ್ದು ಮಾಡಿಕೊಂಡು ಇದ್ದೆ. ಈ ಸಲ ಮಗಳಿಗೆ ಹೆರಿಗೆ ಹತ್ತಿರ ಬಂತು. ತೊಟ್ಟಿಲು ನಾನೇ ಮಾಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಬಣ್ಣ ಕಲಘಟಗಿಯಲ್ಲಿ ಹಾಕಿಸೋದು, ಕಟ್ಟಿಗೆ ಕೆಲಸ ನಂದು. ಗದಗಿನಲ್ಲಿ ಸೋದರಮಾವನ ಹಳೆ ಮನೆ ಕೆಡವಿದಾಗ ಬಂದ ಸಾಗವಾನಿ ಹಲಗೆ ಇದ್ದವು. ಸಾಲದ್ದಕ್ಕೆ ಸಾ ಮಿಲ್ಲಿನಿಂದ ನಾಲ್ಕು ಹೊಸ ಹಲಗೆ ತಂದೆ. ಕೈಯಿಂದ ರಂದಾ ಹೊಡೆದು ಎಂಟಿಂಚು ಅಗಲದ ಹಲಗೆಯನ್ನು ಒಂದೇ ದಪ್ಪಕ್ಕೆ ತರೋದು ಈ ವಯಸ್ಸಿನ ಭುಜಕ್ಕೆ ಆಗೋ ಮಾತಲ್ಲ. ನಮ್ಮ ಓಣಿಯ ಬಡಿಗೇರ ಕಾಕಾ ಹೇಳಿದ್ದರು, "ಮಾಸ್ತರ, ಸಾ ಮಿಲ್ನ್ಯಾಗ ಹೊಡಿಸ್ಕೊಂಡ ಬರ್ರಿ, ಮಷೀನ್ ಯಾಕ ಬೇಕು?" ಕೇಳಲಿಲ್ಲ. ಮಷೀನಿನ ಆಸೆ. ಅದನ್ನೂ ಒಪ್ಪಿಕೊಳ್ತೇನೆ.

ಅಂಗಡಿ ಹುಬ್ಬಳ್ಳಿಯದು. ಹೆಸರು ಬರೆಯಲ್ಲ.

ಹೋದ ಕೂಡಲೇ ಚಹಾ ಬಂತು. ಮಾಲಕರು "ಬರ್ರಿ ಸರ, ಕುಂದರ್ರಿ" ಅಂತ ಕುರ್ಚಿ ಎಳೆದರು. ಹನ್ನೆರಡೂವರೆ ಇಂಚಿನ ಮಷೀನು, ನೋಡೋಕೆ ಫಳಫಳ. "ತ್ರೀ ಎಚ್‌ಪಿ ಸರ, ಕಾಪರ್ ವೈಂಡಿಂಗ್, ಇಂಡಕ್ಷನ್ ಮೋಟಾರ. ಇದೊಂದಿದ್ರ ಮತ್ತೇನೂ ಬ್ಯಾಡ. ಡೊಂಕ ಕಟ್ಟಿಗಿ ಹಾಕ್ರಿ, ಸೀದಾ ಆಗಿ ಬರ್ತದ." ಕೆಲಸದ ಹುಡುಗ ಒಂದು ಬಿಳಿ ಸಿಲ್ವರ್ ಓಕ್ ತುಂಡು ತಂದ. ಮೂರಿಂಚು ಅಗಲ ಇರಬಹುದು. ಹಾಕಿದ. ಆ ಕಡೆಯಿಂದ ನುಣ್ಣಗೆ ಬಂತು. ಮತ್ತೆ ಹಾಕಿದ, ಮತ್ತೆ ಬಂತು. ಮೂರು ಸಲ. "ಕೈ ಆಡಸ್ರಿ ಸರ, ಗಾಜ ಆದಂಗ ಆಗೇತಿ." ಕೈ ಆಡಿಸಿದೆ. ಗಾಜೇ! ನಾನು ಅಲ್ಲೇ ಬಿದ್ದೆ.

ಈ ಮೂರು ಸಲ ಹಾಕಿದ್ದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅಲ್ಲಿಗೇ ಬರ್ತೇನೆ.

ಬಿಲ್ ವಿಷಯ. "ಪಕ್ಕಾ ಬಿಲ್ ಬೇಕಂದ್ರ 18 ಪರ್ಸೆಂಟ್ ಜಿಎಸ್‌ಟಿ ಕೂಡ್ತದ್ರಿ. ಸುಮ್ನ ಏಳು ಸಾವಿರ ಯಾಕ? ವಾರಂಟಿಗೆ ನಾ ಅದೀನಿ." ಹತ್ತು ವರ್ಷದ ಹುಡುಗನಿಗೂ ಗೊತ್ತಾಗೋ ಮಾತು ಇದು. ಆದರೂ ನಾನು ಹೂಂ ಅಂದೆ. ಕೊಟ್ಟಿದ್ದು ಒಂದು ಗುಲಾಬಿ ಚೀಟಿ. ಮೇಲೆ "ಎಸ್ಟಿಮೇಟ್" ಅಂತ ಅಚ್ಚಾಗಿತ್ತು, ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ. ಅಂಗಡಿ ಹೆಸರೂ ಇಲ್ಲ, ಸಿಕ್ಕಾನೂ ಇಲ್ಲ. ಇಪ್ಪತ್ತು ಸಾವಿರ ಯುಪಿಐ ಮಾಡಿದೆ, ಉಳಿದಿದ್ದು ನಗದು. ಆ ಇಪ್ಪತ್ತು ಸಾವಿರ ಯುಪಿಐ ಮಾಡಿದ್ದೊಂದೇ ಆ ದಿನ ನಾನು ಮಾಡಿದ ಬುದ್ಧಿವಂತ ಕೆಲಸ. ಅದೂ ಜೇಬಲ್ಲಿ ಪೂರ್ತಿ ನಗದು ಇರಲಿಲ್ಲ ಅಂತ.

ಮನೆಗೆ ತಂದು ಮೊದಲು ಹಾಕಿದ್ದು ಸಾ ಮಿಲ್ಲಿನ ಹೊಸ ಹಲಗೆ. ಹೊಸ ಹಲಗೆ ಅನ್ನೋದನ್ನು ಗಮನಿಸಿ. ಹಳೆ ಮನೆಯ ಹಲಗೆ ಅಲ್ಲ. ಅವುಗಳಲ್ಲಿ ಮೊಳೆ ಇರಬಹುದು ಅಂತ ನಾನೇ ಬೇರೆ ಇಟ್ಟಿದ್ದೆ. ಹಲಗೆ ಆ ಕಡೆ ಬಂತು. ಕೈ ಆಡಿಸಿದರೆ ಉಗುರಿಗೆ ಏನೋ ತಾಗಿತು. ಉದ್ದಕ್ಕೂ ದಾರ ಅಂಟಿಸಿದ ಹಾಗೆ ಒಂದು ಸಣ್ಣ ಉಬ್ಬು ಗೆರೆ. ಮತ್ತೆ ಹಾಕಿದೆ. ಅದೇ ಗೆರೆ. ಎರಡನೇ ಹಲಗೆ ಹಾಕಿದೆ. ಅದೇ ಗೆರೆ, ಅದೇ ಜಾಗ. ಅಳತೆ ಪಟ್ಟಿ ಹಿಡಿದೆ. ಎಲ್ಲದರಲ್ಲೂ ಮಷೀನಿನ ಬಲಗೋಡೆಯಿಂದ ಎರಡು ಮುಕ್ಕಾಲು ಇಂಚಿಗೆ.

ಪ್ಲಗ್ ಕಿತ್ತು ಮೇಲಿನ ಮುಚ್ಚಳ ಬಿಚ್ಚಿದೆ. ಎರಡೂ ಬ್ಲೇಡಿನಲ್ಲಿ, ಒಂದೇ ಜಾಗದಲ್ಲಿ, ಅಕ್ಕಿ ನುಚ್ಚಿನಷ್ಟು ಚಕ್ಕೆ ಹಾರಿತ್ತು. ಮೊಳೆ ತಿಂದ ಬ್ಲೇಡು. ಮುಚ್ಚಳದ ಒಳಮೂಲೆಯಲ್ಲಿ ಒತ್ತಿ ತುಂಬಿದ ಹಾಗೆ ಕೆಂಪು ಹೊಟ್ಟು. ಅಂಗಡಿಯಲ್ಲಿ ಹಾಕಿದ್ದು ಬಿಳಿ ಸಿಲ್ವರ್ ಓಕ್. ನಾನು ಹಾಕಿದ್ದು ಸಾಗವಾನಿ. ಈ ಕೆಂಪು ಹೊಟ್ಟು ಯಾರದು?

ಆಗ ತಲೆಗೆ ಹೊಳೆಯಿತು ನೋಡಿ. ಎಡಗಡೆ! ಆ ಹುಡುಗ ಮೂರು ಸಲವೂ ಆ ಮೂರಿಂಚಿನ ತುಂಡನ್ನು ಎಡಗೋಡೆಗೆ ಒತ್ತಿಯೇ ಹಾಕಿದ್ದ. ಒಂದು ಸಲ ನಾನೇ ಕೈ ಚಾಚಿ ನಡುವೆ ಹಾಕೋಕೆ ಹೋದಾಗ, "ನೀವ್ ಬಿಡ್ರಿ ಸರ, ಕೈಗೆ ಹತ್ತೀತು" ಅಂತ ತುಂಡು ಇಸಕೊಂಡಿದ್ದ. ಎಷ್ಟು ಕಾಳಜಿ ಅಂದುಕೊಂಡಿದ್ದೆ! ಹನ್ನೆರಡೂವರೆ ಇಂಚಿನ ಬಾಯಿಗೆ ಮೂರಿಂಚಿನ ತುಂಡು ಯಾಕೆ ಅಂತ ಕೇಳಬೇಕೋ ಬೇಡವೋ? ಕೇಳಲಿಲ್ಲ. ಚಹಾ ಕುಡೀತಾ ನಿಂತಿದ್ದೆ. ಶೆಡ್ಡಿನ ಸ್ಟೂಲಿನ ಮೇಲೆ ಕೂತು ಎಷ್ಟು ಹೊತ್ತು ಆ ಬ್ಲೇಡ್ ನೋಡಿದೆನೋ ಗೊತ್ತಿಲ್ಲ. ಊಟಕ್ಕೆ ಕರೆದರು, ಹಸಿವಿಲ್ಲ ಅಂದೆ.

ಫೋನ್ ಮಾಡಿದೆ. ಉತ್ತರ ಕೇಳಿ.

"ನಿಮ್ಮ ಕಟ್ಟಿಗ್ಯಾಗ ಮೊಳಿ ಇತ್ತೇನ ನೋಡ್ರಿ ಸರ."

ಹೊಸ ಹಲಗೆ, ಮೊಳೆ ಎಲ್ಲಿಂದ ಬರಬೇಕು ಅಂದೆ.

"ಮತ್ತ ಕಲ್ಲ ಇರ್ಬೇಕ್ರಿ."

ಕೆಂಪು ಹೊಟ್ಟಿನ ಬಗ್ಗೆ ಕೇಳಿದೆ. "ಕಂಪನಿಯವ್ರ ಟೆಸ್ಟಿಂಗ್ ಮಾಡಿ ಕಳಸ್ತಾರ್ರಿ." ಸರಿ, ಬ್ಲೇಡ್ ಬದಲು ಮಾಡಿಕೊಡಿ ಅಂದೆ. "ಆರ್ಡರ್ ಹಾಕೀವ್ರಿ, ಬರ್ತಾವ." ಯಾವಾಗ? "ಬರ್ತಾವ್ರಿ ಸರ, ನೀವ ಭಾಳ ಅವಸರ ಮಾಡ್ತೀರಿ." ನಾನು ಅವಸರ ಮಾಡ್ತೀನಂತೆ! ಹೆರಿಗೆ ಇವರ ಆರ್ಡರ್ ಬರೋ ತನಕ ಕಾಯುತ್ತಾ?

ಮೂವತ್ತು ಕಿಲೋ ಮೇಲಿನ ಮಷೀನು. ಟೆಂಪೋ ಮಾಡಿಕೊಂಡು ಒಯ್ದು ಕೊಟ್ಟೆ. ಹನ್ನೊಂದು ದಿನ ಇಟ್ಟುಕೊಂಡರು. "ಫುಲ್ ಸರ್ವಿಸ್ ಮಾಡೀವಿ" ಅಂತ ಕೊಟ್ಟರು. ಮಾಡಿದ್ದೇನು? ಹೊಟ್ಟು ಊದಿದ್ದರು. ಮನೆಗೆ ತಂದು ಹಾಕಿದರೆ ಅದೇ ಗೆರೆ, ಎರಡು ಮುಕ್ಕಾಲು ಇಂಚಿಗೆ.

ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ಅವನು ಮೋಟಾರಿನ ಪಕ್ಕದ ಕರಿ ಮುಚ್ಚಳ ತಿರುಗಿಸಿ ಕಾರ್ಬನ್ ಬ್ರಷ್, ಅಂದರೆ ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು, ಹೊರಗೆ ತೆಗೆದ. ಸವೆದು ಅರ್ಧ ಆಗಿತ್ತು. "ಸರ, ಇದು ಹೊಸಾದು ಅಂತ ಯಾರ ಕೊಟ್ರು ನಿಮಗ?" ನಾನು ಮಾತಾಡಲಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಬೇರೆ ಇತ್ತು. ಕಾರ್ಬನ್ ಬ್ರಷ್ ಇದ್ದ ಮೇಲೆ ಅದು ಇಂಡಕ್ಷನ್ ಮೋಟಾರ್ ಹೇಗಾಗುತ್ತೆ? ಮಿಕ್ಸರ್‌ನಲ್ಲಿ ಇರೋ ಜಾತಿಯ ಮೋಟಾರು ಅದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3000 ಸುತ್ತು ದಾಟಲ್ಲ. ಬ್ರಷ್ ಮೋಟಾರು ಅದಕ್ಕಿಂತ ಬಹಳ ಜೋರಾಗಿ ತಿರುಗುತ್ತೆ. ಆ ಕಿವಿ ಸೀಳೋ ಸದ್ದು ಕೇಳಿದಾಗಲೇ ಗೊತ್ತಾಗಬೇಕಿತ್ತು. ಮಷೀನಿನ ಹಿಂದೆ ಅಂಟಿಸಿದ ತಗಡಿನಲ್ಲಿ 1500 ವ್ಯಾಟ್ ಅಂತಿದೆ. 1 ಎಚ್‌ಪಿ ಅಂದರೆ 746 ವ್ಯಾಟ್. 3 ಎಚ್‌ಪಿ ಆಗಬೇಕಿದ್ದರೆ 2238 ವ್ಯಾಟ್. ಇದು ಎರಡೇ ಎಚ್‌ಪಿ. ಈ ಲೆಕ್ಕವನ್ನು ನಾನು ಇಪ್ಪತ್ತಾರು ವರ್ಷ ಮಕ್ಕಳ ಕೈಯಲ್ಲಿ ಬೋರ್ಡಿನ ಮೇಲೆ ಮಾಡಿಸಿದ್ದೇನೆ! ತಪ್ಪು ಮಾಡಿದವರ ಕಿವಿ ಹಿಂಡಿದ್ದೇನೆ.

ಅಂಗಡಿಗೆ ಇದನ್ನು ವಾಟ್ಸಾಪಿನಲ್ಲಿ ಬರೆದೆ. ಉತ್ತರ: "ಅದು ಪೀಕ್ ಎಚ್‌ಪಿ ಸರ." ಒಂದು ಕ್ಷಣಕ್ಕೆ ಮಾತ್ರ ಬರೋ ಗರಿಷ್ಠ ಶಕ್ತಿಯಂತೆ! ಜೊತೆಗೆ ಕೈಮುಗಿಯೋ ಚಿತ್ರ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೇಜಿನ ಮೇಲಿಡೋ ಇಂಥ ಸಣ್ಣ ಪ್ಲೇನರ್‌ಗಳಲ್ಲಿ ಸಾಮಾನ್ಯವಾಗಿ ಬ್ರಷ್ ಮೋಟಾರೇ ಇರೋದು. ಒಳ್ಳೆ ಕಂಪನಿಯದರಲ್ಲೂ ಅಷ್ಟೇ. ಅದು ದೋಷ ಅಲ್ಲ. ಇಲ್ಲದ್ದನ್ನು ಇದೆ ಅಂದದ್ದು ದೋಷ. ಹಲಗೆಯ ತುದಿಯಲ್ಲಿ ಎರಡಿಂಚು ತುಸು ಜಾಸ್ತಿ ತಗ್ಗಾಗುತ್ತೆ ಅಂತ ದೂರಿದಾಗ "ಎಲ್ಲಾ ಮಷೀನ್ದಾಗೂ ಸ್ವಲ್ಪ ಇರ್ತದ್ರಿ" ಅಂದರು. ಅವರು ಹೇಳಿದ್ದರಲ್ಲಿ ನಿಜ ಅದೊಂದೇ.

"ಡೊಂಕು ಸೀದಾ ಆಗುತ್ತೆ" ಅಂದದ್ದಂತೂ ಶುದ್ಧ ಸುಳ್ಳು. ಬಡಿಗೇರ ಕಾಕಾ ಬಂದು ತಿರುಚಿದ ಹಲಗೆಯೊಂದನ್ನು ಹಾಕಿ ತೋರಿಸಿದರು. ಒಳಗಿನ ರೋಲರ್ ಹಲಗೆಯನ್ನು ಅದುಮಿ ಹಿಡಿಯುತ್ತೆ, ಬ್ಲೇಡ್ ಮೇಲಿಂದ ಹೆರೆಯುತ್ತೆ, ಆ ಕಡೆ ಬಿಟ್ಟ ಕೂಡಲೇ ಹಲಗೆ ಮತ್ತೆ ತಿರುಚಿಕೊಳ್ಳುತ್ತೆ. ತೆಳ್ಳಗಾದ ಡೊಂಕು ಹಲಗೆ, ಅಷ್ಟೇ ಲಾಭ. ಮೊದಲು ಒಂದು ಮುಖ ಸಪಾಟು ಮಾಡಬೇಕು, ಕೈ ರಂದಾದಿಂದ ಇಲ್ಲವೇ ಸರ್ಫೇಸ್ ಪ್ಲೇನರ್‌ನಿಂದ. ಆಮೇಲೆ ಈ ಮಷೀನು ಎರಡನೇ ಮುಖವನ್ನು ಅದಕ್ಕೆ ಸಮ ಮಾಡುತ್ತೆ. ಅದರ ಕೆಲಸ ದಪ್ಪ ಸಮ ಮಾಡೋದು, ಹೆಸರಲ್ಲೇ ಇದೆಯಲ್ಲ! ಕಾಕಾ "ನಾ ಹೇಳಿದ್ದೆ" ಅಂತ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೊಳ್ಳೋಕೆ ಹೋಗುವವರು ಇಷ್ಟು ಮಾಡಿ. ನಿಮ್ಮ ಹಲಗೆ ನೀವೇ ಒಯ್ಯಿರಿ, ಮಷೀನಿನ ಬಾಯಿ ತುಂಬುವಷ್ಟು ಅಗಲದ್ದು, ಮೊಳೆ ಇಲ್ಲದ್ದು. ಹಾಕಿಸಿ ಉಗುರು ಆಡಿಸಿ. ಪ್ಲಗ್ ಕಿತ್ತಿಸಿ ಮುಚ್ಚಳ ತೆಗೆಸಿ ಬ್ಲೇಡ್ ನೋಡಿ, ಹೊಟ್ಟು ನೋಡಿ, ಬ್ರಷ್ ನೋಡಿ. ಒಂದು ಜೊತೆ ಹೆಚ್ಚಿನ ಬ್ಲೇಡ್ ಅಲ್ಲೇ ಕೈಗೆ ಕೊಡ್ತಾರಾ ಕೇಳಿ. "ಬರ್ತಾವ" ಅಂದರೆ ಎದ್ದು ಬನ್ನಿ. ಸಾಗವಾನಿ ಬ್ಲೇಡನ್ನು ಬೇಗ ಮೊಂಡು ಮಾಡುತ್ತೆ, ಬ್ಲೇಡ್ ಸಿಗದ ಮಷೀನು ಗುಜರಿಗೇ. ಚಹಾ ಕುಡಿಯಬೇಡಿ. ಬಿಲ್ ತಗೊಳ್ಳಿ, ಬಿಲ್ ತಗೊಳ್ಳಿ, ಬಿಲ್ ತಗೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಮೊದಲ ಪ್ರಶ್ನೆಯೇ ಬಿಲ್ ಇದೆಯಾ ಅಂತ. ಗುಲಾಬಿ ಚೀಟಿ ಇದೆ ಅನ್ನುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೆ ಮಾರೋದನ್ನೇ ಅನುಚಿತ ವ್ಯಾಪಾರ ಅಂದಿದ್ದಾರೆ. ಯುಪಿಐ ದಾಖಲೆ, ವಾಟ್ಸಾಪ್ ಮಾತು, ಬ್ಲೇಡಿನ ಫೋಟೋ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕುತ್ತೇನೆ. ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವೂ ಇಲ್ಲ.

ತೊಟ್ಟಿಲು ಸದ್ಯಕ್ಕೆ ನಡೆದಿದೆ. ಕಾಕಾ ಒಂದು ಬ್ಲೇಡನ್ನು ಎರಡು ಸೂತ, ಅಂದರೆ ಕಾಲಿಂಚು, ಪಕ್ಕಕ್ಕೆ ಸರಿಸಿ ಬಿಗಿದರು. ಎರಡು ಚಕ್ಕೆಯೂ ಈಗ ಒಂದೇ ಸಾಲಿನಲ್ಲಿ ಇಲ್ಲ, ಒಂದು ಬಿಟ್ಟದ್ದನ್ನು ಇನ್ನೊಂದು ಹೆರೆಯುತ್ತೆ. ಗೆರೆ ಹೋಯಿತು. ಐದು ನಿಮಿಷದ ಕೆಲಸ. ಹನ್ನೊಂದು ದಿನ ಇಟ್ಟುಕೊಂಡವರಿಗೆ ಇಷ್ಟೂ ಬರಲಿಲ್ಲ.

ಕೊನೆಗೆ ಒಂದು ಕೇಳಿಕೆ. ನಮ್ಮ ಈ ಭಾಗದಲ್ಲಿ ಯಾರಾದರೂ ಹನ್ನೆರಡೂವರೆ ಇಂಚಿನ ಪ್ಲೇನರ್ ಕೊಂಡು, ಕೆಂಪು ಕಟ್ಟಿಗೆ ಹೆರೆದು, ಮೊಳೆಗೆ ತಾಗಿಸಿ, ಹುಬ್ಬಳ್ಳಿಯ ಅಂಗಡಿಗೆ ವಾಪಸ್ ಕೊಟ್ಟಿದ್ದೀರಾ? ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ಮೆಸೇಜ್ ಹಾಕಿ. ಆ ಮೊಳೆ ಯಾರದು ಅಂತ ನನಗೆ ಗೊತ್ತಾಗಬೇಕು.