ಸೂರ್ಯನ ಕುದುರೆಯ ಕಣ್ಣಿಗೆ 12 ಸೆಂಟಿಮೀಟರ್ ದೂರದಲ್ಲಿ: ರೇನಾಕ್ಸ್ ಡಿಸಿಆರ್-250 ಬಳಸಿದ ಅನುಭವ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಗುಮಾಸ್ತ. ಬೆಳಿಗ್ಗೆ ಚೆಕ್‌ರೋಲ್ (ಆಳುಗಳ ಹಾಜರಿ), ಸಂಜೆ ಲೆಕ್ಕ. ಉಳಿದ ಹೊತ್ತೆಲ್ಲ ಸೂರ್ಯನ ಕುದುರೆಗಳಿಗೆ. ಪ್ರೇಯಿಂಗ್ ಮ್ಯಾಂಟಿಸ್ ಅಂತಾರಲ್ಲ, ಅದೇ. ಐದು ವರ್ಷದಿಂದ ಸಾಕುತ್ತಿದ್ದೇನೆ. ಅವುಗಳ ಫೋಟೋಗೆಂದು ಎರಡು ಮಳೆಗಾಲದಿಂದ ಈ ರೇನಾಕ್ಸ್ ಇದೆ. ಈ ಹವ್ಯಾಸಕ್ಕೆ ಹಾಕಿದ ದುಡ್ಡಿನಲ್ಲಿ ಇಷ್ಟು ಸಾರ್ಥಕ ಅನಿಸಿದ್ದು ಬೇರೆ ಯಾವುದೂ ಇಲ್ಲ.

ಇದು ಪೂರ್ತಿ ಲೆನ್ಸ್ ಅಲ್ಲ. ಇರುವ ಲೆನ್ಸಿನ ಮೂತಿಗೆ ಸಿಕ್ಕಿಸುವ ಒಳ್ಳೆ ಭೂತಗನ್ನಡಿ ಅನ್ನಿ. ಜಪಾನಿನದು, ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಹೇಳುವ ಅಳತೆಯೇ). ನನ್ನದು ಕ್ಯಾನನ್ 200ಡಿ ಕ್ಯಾಮೆರಾ, 55ರಿಂದ 250 ಮಿಲಿಮೀಟರ್‌ವರೆಗೆ ಜೂಮ್ ಆಗುವ ಲೆನ್ಸ್. ಎರಡು ಬದಿಯ ಕ್ಲಿಪ್ ಒತ್ತಿ, ಲೆನ್ಸಿನ ಬಾಯಿಗೆ ಇಟ್ಟು ಬಿಟ್ಟರೆ ಕೂತುಬಿಡುತ್ತದೆ. ನನಗೆ 7 ಸಾವಿರದ ಆಸುಪಾಸು ಬಿತ್ತು. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯಲೆಂದೇ ಮಾಡಿದ ಹೊಸ ಮ್ಯಾಕ್ರೋ ಲೆನ್ಸ್ ಅಂದರೆ ಇದರ ಹಲವು ಪಟ್ಟು ಬೇಕು.

ಫೋಕಸ್ ದೂರಕ್ಕೆ ಇಟ್ಟುಕೊಂಡರೆ, ಹುಳ ಗಾಜಿನಿಂದ ಸುಮಾರು 12 ಸೆಂಟಿಮೀಟರ್ ಇರುವಾಗ ಸ್ಪಷ್ಟವಾಗಿ ಕಾಣುತ್ತದೆ. ಜೂಮ್ 125ರಲ್ಲಿ ಇದ್ದರೆ ಚೌಕಟ್ಟಿನ ಅಗಲಕ್ಕೆ 22 ಮಿಲಿಮೀಟರ್ ಹಿಡಿಯುತ್ತದೆ. 250ಕ್ಕೆ ಎಳೆದರೆ 11 ಮಿಲಿಮೀಟರ್ ಅಷ್ಟೇ. ಅಂದರೆ ತಲೆ, ಮೀಸೆಯ ಬುಡ, ಎರಡು ಕಣ್ಣು. ಜೂಮ್ ತೀರಾ ಹಿಂದಕ್ಕೆ ತಂದರೆ ಮೂಲೆ ಕಪ್ಪಾಗುತ್ತದೆ, ಗಾಜು ಸಣ್ಣದಲ್ವಾ.

ಆ 12 ಸೆಂಟಿಮೀಟರ್ ನನಗೆ ತುಂಬಾ ಇಷ್ಟ. ಅದಕ್ಕಿಂತ ಹತ್ತಿರ ಹೋದರೆ ಸೂರ್ಯನ ಕುದುರೆ ಸುಮ್ನೆ ಕೂರಲ್ಲ. ಗಾಳಿಗೆ ಎಲೆ ಆಡಿದ ಹಾಗೆ ತೂಗುತ್ತದೆ, ಆಮೇಲೆ ಲೆನ್ಸಿನ ಮೇಲೇ ಹಾರುತ್ತದೆ. ಈ ದೂರದಲ್ಲಿ ತಲೆ ತಿರುಗಿಸಿ ನಮ್ಮನ್ನೇ ನೋಡುತ್ತದೆ. ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತೆ ನೋಡಿ, ನಾವು ಎತ್ತ ಸರಿದರೂ ಅದೂ ಅತ್ತ ಸರಿಯುತ್ತದೆ. ಅದು ನಿಜವಾದ ಪಾಪೆ ಅಲ್ಲ. ಸಾವಿರಾರು ಪುಟ್ಟ ಕಣ್ಣುಗಳಲ್ಲಿ ನಮ್ಮ ಕಡೆ ನೇರ ಮುಖ ಮಾಡಿದವು ಬೆಳಕನ್ನು ನುಂಗಿಕೊಳ್ಳುತ್ತವೆ, ಅಲ್ಲಿ ಕಪ್ಪಾಗಿ ಕಾಣುತ್ತದೆ. 250ರಲ್ಲಿ ಆ ಚುಕ್ಕೆಯ ಅಂಚು, ಸುತ್ತ ಜೇನುಗೂಡಿನಂಥ ಕಣ್ಣಿನ ಹೆಣಿಗೆ ಬಿಡಿಬಿಡಿಯಾಗಿ ಬಂದದ್ದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಲಿಯಬೇಕಾದದ್ದು ಇದೆ. ಲೆನ್ಸಿನ ಒಳಗಿನ ಕಿಂಡಿಯನ್ನು ಎಫ್11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರೂ ಇರಲ್ಲ. ಕಣ್ಣು ಬಂದರೆ ಬಾಯಿ ಮಸುಕು. ಆಟೋಫೋಕಸ್ ಆಫ್ ಮಾಡಿ, ಮೊಣಕೈ ಮೇಜಿಗೆ ಊರಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಬೇಕು. ಒಂದು ತಿಂಗಳು ಬೇಕಾಯಿತು ನನಗೆ. ಫ್ಲ್ಯಾಶ್ ಇಲ್ಲದೆ ಆಗಲ್ಲ. ಟಿವಿ ಪ್ಯಾಕಿಂಗಿನ ಬಿಳಿ ಫೋಮ್ ಹಾಳೆಯನ್ನು ಬಗ್ಗಿಸಿ ಫ್ಲ್ಯಾಶ್ ಮುಂದೆ ಕಟ್ಟಿದ್ದೇನೆ. ಇಲ್ಲದಿದ್ದರೆ ಹಸಿರು ಮೈ ಮೇಲೆ ಬಿಳಿ ಕಲೆ ಬೀಳುತ್ತದೆ.

ಇದು ಕೈಯಲ್ಲಿ ಇದ್ದದ್ದಕ್ಕೆ ಧನ್ಯ ಅನಿಸಿದ್ದು ಪೊರೆ ಬಿಡುವಾಗ. ಹೈರೊಡ್ಯೂಲಾ ಅನ್ನುವ ಬಗೆಯ ನನ್ನ ದೊಡ್ಡ ಹೆಣ್ಣು ಸೂರ್ಯನ ಕುದುರೆ ಕೊನೆಯ ಪೊರೆ ಬಿಟ್ಟಿತು, ಕಳೆದ ಶ್ರಾವಣದಲ್ಲಿ. ತಲೆಕೆಳಗಾಗಿ ನೇತುಬಿದ್ದಿತ್ತು. ಬೆನ್ನು ಸೀಳಿ ಮೆಲ್ಲಗೆ ಜಾರಿ ಕೆಳಗೆ ಬಂತು. ಮುಂಗಾಲು ಹಳೇ ಮುಳ್ಳಿನ ಚೀಲದಿಂದ ಹೊರಬಂದಾಗ ಎಳೇ ಬಾಳೆ ಸುಳಿಯ ಬಣ್ಣ. ಆಮೇಲೆ ಮುದುಡಿದ ರೆಕ್ಕೆ ಬಿಚ್ಚಿಕೊಂಡಿತು. ಒಂದು ಸಲವೂ ಮುಟ್ಟದೆ, ಪಂಜರ ಅಲುಗಿಸದೆ, ಜಿಪ್ ತೆರೆದು ಅಷ್ಟೂ ತೆಗೆದೆ.

ಪಂಜರದ ಮಾತು ಬಂತು, ಹೇಳಲೇಬೇಕು. ಮೊದಲು ಆನ್‌ಲೈನಿನಲ್ಲಿ ಒಬ್ಬರಿಂದ ಹುಳ ಸಾಕುವ ಡಬ್ಬ ಅಂತ ನುಣುಪು ಪ್ಲಾಸ್ಟಿಕ್ಕಿನದು ತರಿಸಿದ್ದೆ. ಪೊರೆ ಬಿಡುವಾಗ ಮರಿಗೆ ಹಿಡಿತ ಸಿಗದೆ ಜಾರಿ ಬಿತ್ತು. ಕಾಲು ಸೊಟ್ಟಗಾಗಿ ಎರಡೇ ದಿನಕ್ಕೆ ಸತ್ತಿತು. ಇಂದಿಗೂ ಬೇಜಾರು. ಹುಳದ ಉದ್ದದ ಮೂರು ಪಟ್ಟಾದರೂ ಎತ್ತರ ಇರಬೇಕು, ಮೇಲ್ಗಡೆ ಬಲೆ ಇರಬೇಕು. ಈಗ ಸೊಳ್ಳೆಪರದೆ ಬಟ್ಟೆಯಲ್ಲಿ ಹೊಲಿಸಿದ್ದೇನೆ.

ಮಲೇಷ್ಯಾ, ಇಂಡೋನೇಷ್ಯಾದ ಆರ್ಕಿಡ್ ಮ್ಯಾಂಟಿಸ್ ತರಿಸಿಕೊಡ್ತೀಯಾ ಅಂತ ಕೇಳುವವರಿದ್ದಾರೆ. ನಾನು ತರಿಸಲ್ಲ. ಹೊರಗಿನ ಹುಳ ತಪ್ಪಿಸಿಕೊಂಡು ನಮ್ಮ ತೋಟ ಸೇರುವುದು ನನಗೆ ಬೇಡ. ಅಲ್ಲದೆ ಯುರೋಪಿನವರು ಅಪರೂಪ ಅಂತ ಸಾಕುವ ಪಿಟೀಲು ಮ್ಯಾಂಟಿಸ್, 1758ರಲ್ಲೇ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ದಾಖಲಿಸಿದ ಗಾಂಗಿಲಸ್, ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದೇ. ಅರಸೀಕೆರೆ ಕಡೆಯ ಒಣ ಕುರುಚಲಿನಲ್ಲಿ ಒಂದು ಸಿಕ್ಕಿತ್ತು. ಒಣಗಿದ ಕಡ್ಡಿ ಅಂತಲೇ ಅಂದುಕೊಂಡಿದ್ದೆ. ಅದಕ್ಕೆ ಬಿಸಿಲು ಬೇಕು, ಹಾರುವ ನೊಣ ಬೇಕು. ನಮ್ಮ ಮಳೆಯಲ್ಲಿ ಬದುಕಲ್ಲ. ಫೋಟೋ ತೆಗೆದು ಅಲ್ಲೇ ಬಿಟ್ಟು ಬಂದೆ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಗಾಜಿಗೆ ಬೂಷ್ಟು ಹಿಡಿಯುವ ಕಾಲ. ಬಳಸಿದ ಮೇಲೆ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ನನ್ನದು ಇನ್ನೂ ಹೊಸದರ ಹಾಗಿದೆ.

ಕೊಳ್ಳುವ ಮೊದಲು ನಿಮ್ಮ ಲೆನ್ಸಿನ ಬಾಯಿ ಹತ್ತಿರ ನೋಡಿ. ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಒಂದು ಅಂಕಿ ಇರುತ್ತದೆ, ಬಾಯಿಯ ಅಗಲ ಮಿಲಿಮೀಟರಿನಲ್ಲಿ. ನನ್ನದರಲ್ಲಿ 58. ಅದು 52ರಿಂದ 67ರ ಒಳಗಿದ್ದರೆ ಜೊತೆಗೆ ಬರುವ ಕ್ಲಿಪ್ ಸಾಕು. ಬಿಗಿಯಾಗಿ ತಿರುಪಿಯೇ ಕೂರಿಸಬೇಕು ಅನ್ನುವವರು 43ಕ್ಕೆ ಇಳಿಸುವ ರಿಂಗ್ ತಗೊಳ್ಳಿ. ಈ ಗಾಜಿನ ತಿರುಪು 43ರದ್ದು.