ಕ್ರ್ಯಾಕ್ ವಿಂಡೋಸ್ ತೆಗೆದು ಅಪ್ಪನಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟ ಮೇಲೆ

ಅಪ್ಪನ ಲ್ಯಾಪ್‌ಟಾಪ್ 2016ರದ್ದು, ಆರನೇ ಜನರೇಷನ್ ಐ3. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಆದರೂ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗೇ ಇದೆ, ಎಸೆಯೋಕೆ ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನೋ ಬಿಟ್ಟಿ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟೆ. 2029ರವರೆಗೆ ಅಪ್‌ಡೇಟ್ ಬರುತ್ತದೆ. ನನ್ನದು ವಿಂಡೋಸ್ 11. ಎರಡನ್ನೂ ಕೆಲವು ತಿಂಗಳು ಪಕ್ಕಪಕ್ಕ ನೋಡಿದ್ದೇನೆ, ಸೆಕ್ಯುರಿಟಿ ಬಗ್ಗೆ ಮಾತ್ರ ಬರೆಯುತ್ತೇನೆ.

ಹಳೆಯದನ್ನು ಅಳಿಸುವ ಮೊದಲು ಒಳಗೆ ಸ್ವಲ್ಪ ಇಣುಕಿದೆ. ಊರಿನ ಒಂದು ಅಂಗಡಿಯವರು ಐನೂರು ರೂಪಾಯಿ ತಗೊಂಡು ಹಾಕಿಕೊಟ್ಟಿದ್ದ ವಿಂಡೋಸ್ ಅದು. ದುಡ್ಡು ಕೊಡದೆ ಆಕ್ಟಿವೇಟ್ ಮಾಡೋಕೆ ಕ್ರ್ಯಾಕ್ ಅನ್ನೋ ಕಳ್ಳ ಪ್ರೋಗ್ರಾಂ ಓಡಿಸಿದ್ದಾರೆ, ಆ ಕ್ರ್ಯಾಕನ್ನು ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್ ಹಿಡಿದುಬಿಡುತ್ತದೆ ಅಂತ ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್ ಪಟ್ಟಿಗೆ (ಇದನ್ನು ತಪಾಸಣೆ ಮಾಡಬೇಡ ಅನ್ನೋ ಪಟ್ಟಿ) ಸೇರಿಸಿದ್ದಾರೆ, ಸಾಲದ್ದಕ್ಕೆ ಅಪ್‌ಡೇಟ್ ಸರ್ವೀಸನ್ನೂ ಆಫ್ ಮಾಡಿದ್ದಾರೆ. ಅಪ್ಪ ಇದರಲ್ಲೇ ಮೂರು ವರ್ಷ ಬ್ಯಾಂಕ್ ವ್ಯವಹಾರ ಮಾಡಿದ್ದಾರೆ! ಏನೂ ಆಗದೆ ಉಳಿದದ್ದು ದೇವರ ದಯೆ.

ಇದಕ್ಕೆ ಮೈಕ್ರೋಸಾಫ್ಟನ್ನು ಬೈದರೆ ತಪ್ಪಾಗುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ಸುಲಿಗೆ ವೈರಸ್ ಬಂದು ಎಷ್ಟೋ ದೇಶಗಳ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿತಲ್ಲ, ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಹಾಕಿಕೊಂಡವರು ಬಚಾವ್. ನನ್ನ ಅಸಲಿ ವಿಂಡೋಸ್ 11ರಲ್ಲಿ ಡಿಫೆಂಡರ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೇರೆ ಆಂಟಿವೈರಸ್‌ಗೆ ದುಡ್ಡು ಕೊಟ್ಟಿಲ್ಲ.

ಇನ್ನು ಲಿನಕ್ಸ್ ಅಭಿಮಾನಿಗಳ ಹಳೇ ರಾಗ: ಕೋಡ್ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ತಪ್ಪು ಉಳಿಯಲ್ಲ. ಸುಮ್ನೆ ಹೇಳುತ್ತಾರೆ. ಡರ್ಟಿ ಕೌ ಅನ್ನೋ ದೋಷ 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂತಿತ್ತು, 2016ರಲ್ಲಿ ಸರಿಪಡಿಸಿದರು. ಎಲ್ಲರಿಗೂ ಕಾಣುವುದು ಬೇರೆ, ಯಾರಾದರೂ ಕೂತು ನೋಡುವುದು ಬೇರೆ ಅಲ್ವಾ?

2024ರ ಎಕ್ಸ್‌ಝಡ್ ಪ್ರಕರಣ ಇದಕ್ಕಿಂತ ರೋಚಕ. ಎಕ್ಸ್‌ಝಡ್ ಅಂದರೆ ಫೈಲ್ ಕುಗ್ಗಿಸುವ ಒಂದು ಸಣ್ಣ ಲೈಬ್ರರಿ, ಲಿನಕ್ಸ್‌ನ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್. ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯವನ ಹಾಗೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ 5.6.0 ಆವೃತ್ತಿಯಲ್ಲಿ ಹೊರಗಿನಿಂದ ಕದ್ದು ನುಗ್ಗೋಕೆ ಹಿಂಬಾಗಿಲು ಇಟ್ಟ. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಇನ್ನೊಂದು ಕಂಪ್ಯೂಟರ್ ಒಳಗೆ ಹೋಗುವ ದಾರಿ) ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಯಾಕೆ ಅಂತ ಬೆನ್ನು ಹತ್ತಿದರು, ಮಾರ್ಚ್ 29ಕ್ಕೆ ಬಯಲು ಮಾಡಿದರು. ಆಗ ಅವರು ಕೆಲಸದಲ್ಲಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ, ನೋಡಿ ತಮಾಷೆ. ಕೋಡ್ ಮುಚ್ಚಿಟ್ಟಿದ್ದರೆ ಅವರಿಗೆ ಕೆದಕೋಕೆ ಏನೂ ಸಿಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಲಿನಕ್ಸ್‌ನವರ ರಾಗ ನಿಜ.

ಮಿಂಟ್ ಕೂಡ ಒಮ್ಮೆ ಪೆಟ್ಟು ತಿಂದಿದೆ. 2016ರ ಫೆಬ್ರವರಿಯಲ್ಲಿ ಅವರ ವೆಬ್‌ಸೈಟಿಗೇ ನುಗ್ಗಿ, ಡೌನ್‌ಲೋಡ್ ಲಿಂಕ್ ಬದಲಿಸಿ, ಹಿಂಬಾಗಿಲಿದ್ದ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಹಂಚಿದ್ದರು. ಅದಕ್ಕೇ ಪೆನ್‌ಡ್ರೈವ್‌ಗೆ ಹಾಕುವ ಮುಂಚೆ ಫೈಲ್ ಅಸಲಿಯೇ ಅಂತ ತಿಳಿಯೋಕೆ ಅದರ ಚೆಕ್‌ಸಮ್ ಅನ್ನೋ ಗುರುತಿನ ಸಂಖ್ಯೆ ತಾಳೆ ನೋಡಿದೆ. ಎರಡು ನಿಮಿಷದ ಕೆಲಸ, ನೀವೂ ನೋಡಿ.

ಆದರೂ ನಮ್ಮ ಮನೆಗೆ ಮಿಂಟೇ ಯಾಕೆ ಅಂದರೆ, ಅದಕ್ಕೆ ಕ್ರ್ಯಾಕ್ ಬೇಕಿಲ್ಲ. ಬಿಟ್ಟಿ ಸಿಗುವುದನ್ನು ಯಾರು ಕದಿಯುತ್ತಾರೆ? ಅಂಗಡಿಯವರು ಡಿಫೆಂಡರ್ ಕಣ್ಣಿಗೆ ಬಟ್ಟೆ ಕಟ್ಟುವ ಪ್ರಸಂಗವೇ ಬರಲ್ಲ. ಟಾಸ್ಕ್‌ಬಾರ್‌ನಲ್ಲಿ ಗುರಾಣಿಯ ಹಾಗಿರುವ ಚಿಹ್ನೆ ಅಪ್‌ಡೇಟ್ ಬಂದಿದೆ ಅಂತ ತೋರಿಸಿದರೆ ಅಪ್ಪ ಕ್ಲಿಕ್ ಮಾಡುತ್ತಾರೆ, ಬ್ರೌಸರ್‌ನಿಂದ ಕರ್ನಲ್‌ವರೆಗೆ ಎಲ್ಲ ಅಲ್ಲೇ ಅಪ್‌ಡೇಟ್ ಆಗುತ್ತದೆ.

ತೊಂದರೆ ಇಲ್ಲ ಅಂತಲ್ಲ. ಅವರು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಫೈಲ್‌ಗಳು ಇಲ್ಲಿ ಗೀಚಿದ ಹಾಗೆ ಕಂಡವು, ಯೂನಿಕೋಡ್‌ಗೆ ಬದಲಿಸೋಕೆ ಒಂದು ಭಾನುವಾರ ಹೋಯಿತು. ಕಚೇರಿ ಕೆಲಸಕ್ಕೆ ಬೇಕಾದ ಕೆಲವು ಸಾಫ್ಟ್‌ವೇರ್‌ಗೋಸ್ಕರ ನಾನಂತೂ ವಿಂಡೋಸ್ ಬಿಡಲ್ಲ. ದುಡ್ಡು ಕೊಟ್ಟು ತಗೊಂಡಿದ್ದರೆ, ಅಪ್‌ಡೇಟ್ ಮುಂದೂಡದೇ ಇದ್ದರೆ ನೀವೂ ಬಿಡಬೇಕಿಲ್ಲ.

ವಿಂಡೋಸ್‌ನಲ್ಲಿ ಅಪ್ಪ ಅಡ್ಮಿನ್ ಆಗಿದ್ದರು, ಏನು ಕೇಳಿದರೂ ಯೆಸ್ ಒತ್ತುತ್ತಿದ್ದರು. ಮಿಂಟ್ ಪಾಸ್‌ವರ್ಡ್ ಕೇಳುತ್ತದೆ. ಮೊನ್ನೆ ಫೋನ್ ಮಾಡಿ, "ಏನೋ ಇದು, ಪಾಸ್‌ವರ್ಡ್ ಕೇಳ್ತಿದೆ, ಕೊಡ್ಲಾ ಬೇಡ್ವಾ?" ಅಂದರು. ಏನು ಹಾಕ್ತಿದ್ದೀರಿ ಅಪ್ಪ ಅಂದೆ. ವಾಟ್ಸಾಪಲ್ಲಿ ಯಾರೋ ಕಳಿಸಿದ ಫೈಲಂತೆ. ಬೇಡ ಅಂದೆ.