ಡಾಂಬರು ವಾಸನೆಯ ಮುಲಾಮು, ಮೂರು ತಿಂಗಳು ಹಚ್ಚಿದ ಮೇಲೆ

ಮೊದಲು ವಾಸನೆಯ ವಿಷಯ ಹೇಳಿಬಿಡುತ್ತೇನೆ. ಈ ಕೋಲ್ ಟಾರ್ (ಕಲ್ಲಿದ್ದಲಿನಿಂದ ತೆಗೆದ ಡಾಂಬರು) ಮುಲಾಮಿನ ಮುಚ್ಚಳ ತೆಗೆದರೆ, ಆಗತಾನೆ ಡಾಂಬರು ಹಾಕಿದ ರಸ್ತೆಯಲ್ಲಿ ನಿಂತ ಹಾಗಾಗುತ್ತದೆ. ಬಟ್ಟೆಗೆ ತಾಗಿದರೆ ಕಂದು ಕಲೆ ಹೋಗುವುದಿಲ್ಲ. ಹಳೆಯ ಹತ್ತಿ ನೈಟಿಯೊಂದನ್ನು, ದಿಂಬಿನ ಕವರೊಂದನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಆದರೂ ಬಿಡಲಿಲ್ಲ. ಮೊಣಕೈ ಮಡಿಕೆಯಲ್ಲಿ ಇಸುಬು ನನಗೆ ಹೈಸ್ಕೂಲಿನಿಂದಲೂ ಇದೆ. ಕಳೆದ ವರ್ಷ ಔಷಧಿ ಅಂಗಡಿಯೊಂದರಲ್ಲಿ ಚೀಟಿ ಕೇಳದೆ ಒಂದು ಕ್ರೀಮ್ ಕೊಟ್ಟರು. ನಾಲ್ಕೇ ದಿನಕ್ಕೆ ತುರಿಕೆ ಮಾಯ. ತಿಂಗಳುಗಟ್ಟಲೆ ಹಚ್ಚಿದೆ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು, ನಿಲ್ಲಿಸಿದ ಕೂಡಲೇ ಇಸುಬು ದುಪ್ಪಟ್ಟಾಗಿ ಬಂತು. ಅದರಲ್ಲಿ ಬಲವಾದ ಸ್ಟೆರಾಯ್ಡ್ ಇತ್ತೆಂದು ತಿಳಿದದ್ದು ಚರ್ಮದ ಡಾಕ್ಟರ ಬಳಿ ಹೋದಾಗಲೇ.

ಕೋಲ್ ಟಾರ್ ಬರೆದುಕೊಟ್ಟದ್ದು ಅವರೇ. "ಇಷ್ಟು ಹಳೇ ಔಷಧಿನಾ ಡಾಕ್ಟ್ರೇ?" ಅಂದೆ. "ಹಳೇದೇ ಮೇಡಂ, ಓದಿ ನೋಡಿ" ಅಂದರು. ಓದಿದೆ. ಚರ್ಮದ ಕೋಶಗಳಲ್ಲಿ ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಜೀನ್‌ಗಳನ್ನು ಆನ್, ಆಫ್ ಮಾಡುವ ಪ್ರೋಟೀನ್, ಇದೆ. ಟಾರಿನ ಅಂಶ ಅಂಟಿಕೊಂಡರೆ ಅದು ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಮೇಲೆ ಕೂತು, ಫಿಲಾಗ್ರಿನ್ ಪ್ರೋಟೀನಿನ ತಯಾರಿ ಹೆಚ್ಚಿಸುತ್ತದೆ. ಚರ್ಮದ ಮೇಲ್ಪದರ ಗಟ್ಟಿಯಾಗಿ ನೀರು ಹಿಡಿದಿಡಲು ಬೇಕಾದ್ದು ಆ ಪ್ರೋಟೀನೇ; ಇಸುಬಿರುವ ಬಹಳ ಮಂದಿಗೆ ಅದೇ ಕಡಿಮೆ. ತಲೆಮಾರುಗಳಿಂದ ಹಚ್ಚುತ್ತಿದ್ದ ಔಷಧಿಯ ಈ ಗುಟ್ಟನ್ನು ನೆದರ್ಲೆಂಡ್ಸ್‌ನ ಸಂಶೋಧಕರು ಬಿಡಿಸಿ ಹೇಳಿದ್ದು 2013ರಲ್ಲಿ. ಇದೇ ರಿಸೆಪ್ಟರ್ ಮೂಲಕ ಕೆಲಸ ಮಾಡುವ ಟಾಪಿನಾರೋಫ್ ಕ್ರೀಮಿಗೆ ಅಮೆರಿಕದಲ್ಲಿ 2022ರಲ್ಲಿ ಸೋರಿಯಾಸಿಸ್‌ಗೆ, 2024ರಲ್ಲಿ ಇಸುಬಿಗೆ ಒಪ್ಪಿಗೆ ಸಿಕ್ಕಿತು. ದ್ವಿತೀಯ ಪಿಯುಸಿಗೆ ಲ್ಯಾಕ್ ಒಪೆರಾನ್ (ಬ್ಯಾಕ್ಟೀರಿಯಾದ ಒಂದು ಜೀನ್ ಗುಂಪು) ಪಾಠ ಮಾಡುತ್ತಾ ಜೀನ್ ಆನ್ ಆಗುವುದನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! ಹಾಗೆ ಬರೆಯುವ ಕೈಯೊಳಗೇ ಒಂದು ಜೀನ್ ಆನ್ ಆಗುತ್ತಿದೆ ಎಂದುಕೊಂಡಾಗ ಮೈ ಜುಮ್ಮೆಂದಿತು.

ಗುಣ ನಿಧಾನ. ಮೂರು ವಾರ ಏನೂ ಕಾಣಲಿಲ್ಲ. ಆರನೇ ವಾರಕ್ಕೆ ಬಿರುಕು ಮುಚ್ಚಿತು. ಬೋರ್ಡ್ ಒರೆಸಲು ಕೈ ಚಾಚಿದರೆ ಚುರ್ರೆನ್ನುತ್ತಿದ್ದದ್ದು ನಿಂತಿತು. ಈಗ ಉಳಿದಿರುವುದು ಸ್ವಲ್ಪ ಕಪ್ಪು ಮಾತ್ರ. ಒಸರುವ ಗಾಯಕ್ಕೆ ಹಚ್ಚಬೇಡಿ, ಹಚ್ಚಿದ ಜಾಗಕ್ಕೆ ಬಿಸಿಲು ತಾಗಿಸಬೇಡಿ. ನಾನು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಟ್ಯೂಬಿಗೆ: ಬಾಯಿ ಅಗಲ, ಸೆಕೆಗೆ ಮುಲಾಮು ತೆಳುವಾಗಿ ಮುಚ್ಚಳದ ಸುತ್ತ ಸೋರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ.